ಮೂರು ದಿನದ ಬೆಲ್ಲ

ಅಟ್ಟದಿಂದ ಮೂರನೆಯ ಡಬ್ಬಿಯನ್ನು ಇಳಿಸಿ ಮುಚ್ಚಳ ತೆಗೆದರೂ ಪುಟ್ಟಲಕ್ಷ್ಮಮ್ಮನಿಗೆ ಕಂಡಿದ್ದು ಬರಿಯ ತಳ. ಮೂಲೆಯಲ್ಲಿ ತುಕ್ಕು ಹಿಡಿದ ಒಂದು ಗುಂಡುಸೂಜಿ ಬಿದ್ದಿತ್ತು. ಅದನ್ನು ಅಲ್ಲೇ ಬಿಟ್ಟು ಮುಚ್ಚಳ ಹಾಕಿದಳು.

"ಸಿಕ್ತಾ?" ಎಂದು ಹೊರಗಿನಿಂದ ಗಂಡನ ಅಕ್ಕ ಬೀರಮ್ಮ ಕೂಗಿದಳು.

"ಉಡುಕ್ತಾ ಇವ್ನಿ ಅಕ್ಕಾ."

"ಬಿಸ್ಲೇರ್ತಾ ಅದೆ ಕಣೇ. ಕರಿಯಯ್ಯ ಚಟ್ಟ ಕಟ್ಟಿ ಮುಗುಸ್ದ. ಇನ್ನು ನಿಂದೊಂದೇ ಬಾಕಿ."

ಅವಳದೊಂದೇ ಬಾಕಿ ಎನ್ನುವುದು ನಿಜ. ಸತ್ತ ಗಂಡ ಮುದ್ದಯ್ಯನ ಮನೆತನದಲ್ಲಿ ಹಿಂದಿನಿಂದ ಬಂದ ಪದ್ಧತಿಯೊಂದಿತ್ತು. ಯಾರೇ ಹೋಗಲಿ, ಚಟ್ಟ ಎತ್ತುವ ಮುಂಚೆ ಅವರಿಗೆ ಬದುಕಿನಲ್ಲಿ ತುಂಬ ಇಷ್ಟವಾಗಿದ್ದ ಪದಾರ್ಥವನ್ನು ಹೊದಿಸಿದ ಬಟ್ಟೆಯ ಸೆರಗಿಗೆ ಗಂಟು ಹಾಕಿ ಕಳಿಸಬೇಕು. ಗಂಡಸು ಹೋದರೆ ಕಟ್ಟಬೇಕಾದವಳು ಹೆಂಡತಿ. ಮಾವನಿಗೆ ಹೊಗೆಸೊಪ್ಪು ಕಟ್ಟಿದ್ದರು, ಅತ್ತೆಗೆ ಒಣಕೊಬ್ಬರಿ. ಗಂಟಿಲ್ಲದೆ ಹೋದವರು ಆಸೆ ಇಟ್ಟುಕೊಂಡು ಬಾಗಿಲ ಬಳಿಯೇ ಸುತ್ತುತ್ತಿರುತ್ತಾರೆ ಎಂದು ಬೀರಮ್ಮ ಬೆಳಗಿನಿಂದ ನಾಲ್ಕು ಸಲ ಹೇಳಿದ್ದಳು. ತಾಲ್ಲೂಕು ಕಚೇರಿಯ ಜವಾನ ಮುದ್ದಯ್ಯನಿಗೆ ತುಂಬ ಇಷ್ಟವಾದದ್ದು ಯಾವುದು? ಇಪ್ಪತ್ತನಾಲ್ಕು ವರ್ಷ ಅವನಿಗೆ ಮುದ್ದೆ ತೊಳಸಿ ಹಾಕಿದ ಹೆಂಗಸು ನಡುಮನೆಯಲ್ಲಿ ನಿಂತು ಯೋಚಿಸಿದಳು. ಒಂದೂ ಹೊಳೆಯಲಿಲ್ಲ. ಸಾವಿನ ದುಃಖಕ್ಕಿಂತ ಈ ನಾಚಿಕೆಯೇ ಅವಳಿಗೆ ದೊಡ್ಡದಾಗಿ ಕಂಡಿತು.

ಹೊರಗೆ ಬಂದಳು. ಶ್ರೀರಂಗಪಟ್ಟಣದ ಕೋಟೆಯೊಳಗಿನ ಆ ಸಣ್ಣ ಬೀದಿಯಲ್ಲಿ ಚಟ್ಟದ ಸುತ್ತ ಹತ್ತು ಹನ್ನೆರಡು ಜನ ಕೂತಿದ್ದರು. ಹೆಚ್ಚಿನವರು ಮುದ್ದಯ್ಯನ ಹುಟ್ಟೂರಾದ ತೊಣ್ಣೂರಿನಿಂದ ಜ್ವರದ ಸುದ್ದಿ ಕೇಳಿ ಬೆಳಗಿನ ಗಾಡಿಗೆ ಬಂದವರು. ಗಂಡನ ಅಣ್ಣ ಕರಿಯಯ್ಯ ಹಗ್ಗದ ತುಂಡು ಹಿಡಿದುಕೊಂಡೇ ತಲೆ ಎತ್ತಿದ.

"ಬೀಡಿ ಕಟ್ಟವ್ವಾ, ಇನ್ನೇನು. ಚಿಕ್ಕುಡುಗ ಆಗಿದ್ದಾಗ ನನ್ ಕಿವಿ ಮ್ಯಾಲಿಂದೇ ಕದ್ದು ಸೇದೋನು."

"ಬೀಡಿ ಬುಟ್ಟು ಇಪ್ಪತ್ತೈದು ವರ್ಸ ಆಯ್ತು ಬಾವ. ನಾನು ಬರಾ ಮುಂಚೆನೇ."

"ಅಂಗಾದ್ರೆ ಎಲೆಅಡ್ಕೆ," ಎಂದಳು ಬೀರಮ್ಮ.

"ಅದೂ ಬುಟ್ಟಿದ್ರು."

"ಕಾಪಿ?"

"ಅದೂವೆ."

ಕರಿಯಯ್ಯ ಹಗ್ಗವನ್ನು ಕೆಳಗಿಟ್ಟ. "ಅಲ್ಲ ಕಣವ್ವ, ಇವ್ನು ತಿಂದಿದ್ದಾದ್ರೂ ಏನ?"

ಪುಟ್ಟಲಕ್ಷ್ಮಮ್ಮ ಪಕ್ಕಕ್ಕೆ ತಿರುಗಿದಳು. ಬಟ್ಟೆ ಒಣಹಾಕುವ ಹಗ್ಗದ ಮೇಲೆ ಗಂಡನ ಸ್ನಾನದ ಟವಲು ಇನ್ನೂ ನೇತಾಡುತ್ತಿತ್ತು. ಗೋಡೆಯಿಂದ ಹೊರಟ ಇರುವೆಸಾಲು ಯಾವತ್ತಿನಂತೆ ಹಗ್ಗ ಹಿಡಿದು ಅದರ ಮೂಲೆಗೆ ಹೋಗಿ ಮುತ್ತಿತ್ತು. ಬೆಲ್ಲ ಸಕ್ಕರೆ ಕಾಣದ ಮನೆಗೆ ಈ ಇರುವೆಗಳು ಏನು ಆಸೆಗೆ ಬರುತ್ತವೋ ಎಂದು ಎಷ್ಟೋ ವರ್ಷದಿಂದ ಬೈಯುತ್ತಾ ಕೊಡವುತ್ತಿದ್ದಳು. ಇವತ್ತೂ ಕೈ ತಾನಾಗಿ ಹೋಗಿ ಟವಲನ್ನು ಎರಡು ಸಲ ಕೊಡವಿತು.

*

ಕನ್ನಂಬಾಡಿಯಲ್ಲಿ ಕಟ್ಟೆಯ ಕೆಲಸ ಶುರುವಾದ ವರ್ಷವೇ ಮುದ್ದಯ್ಯ ಕಚೇರಿಗೆ ಸೇರಿದ. ಆಗ ಇಪ್ಪತ್ತೆರಡು ವಯಸ್ಸು. ಎದೆಗೆ ಜವಾನನ ಪಟ್ಟಿ, ಡವಾಲಿ ಹಾಕಿಕೊಂಡು ಊರಿಗೆ ಹೋದರೆ ಹೆಂಗಸರು ಮಕ್ಕಳೆಲ್ಲ ಬಾಗಿಲಿಗೆ ಬಂದು ನೋಡುತ್ತಿದ್ದರು. ಅಷ್ಟಕ್ಕೇ ತೃಪ್ತಿಪಟ್ಟುಕೊಂಡಿದ್ದರೆ ಕತೆ ಬೇರೆಯಾಗುತ್ತಿತ್ತು.

ಮರುವರ್ಷ ತಾಲ್ಲೂಕಿಗೆ ದೊಡ್ಡ ಸಾಹೇಬರಾಗಿ ಹೊಸ ಅಮಲ್ದಾರರೊಬ್ಬರು ಬಂದರು. ಒಂದು ಮಧ್ಯಾಹ್ನ ಜವಾನರನ್ನೆಲ್ಲ ಪಡಸಾಲೆಯಲ್ಲಿ ನಿಲ್ಲಿಸಿ, ಮನುಷ್ಯ ಉದ್ಧಾರವಾಗುವ ಬಗೆಯನ್ನು ತಿಳಿಸಿದರು. "ಪ್ರತಿ ಯುಗಾದಿಗೆ ಒಂದು ಕೆಟ್ಟ ಚಾಳಿ ಬಿಡಿ, ಒಂದು ಒಳ್ಳೆಯ ಅಭ್ಯಾಸ ಹಿಡಿಯಿರಿ. ಹತ್ತು ವರ್ಷ ಇಷ್ಟು ಮಾಡಿದವನು ನಿಂತ ಜಾಗದಲ್ಲಿ ನಿಂತಿರೋದಿಲ್ಲ, ಕುರ್ಚಿಯಲ್ಲಿ ಕೂತಿರುತ್ತಾನೆ." ಹೀಗೆಂದ ಸಾಹೇಬರು ಒಳಗೆ ಹೋಗಿ ಎಲೆಅಡಿಕೆ ಹಾಕಿಕೊಂಡರು. ಮೂರು ತಿಂಗಳಲ್ಲಿ ಅವರಿಗೆ ವರ್ಗವಾಯಿತು. ಅವರ ಮಾತು ಮಾತ್ರ ವರ್ಗವಾಗದೆ ಮುದ್ದಯ್ಯನ ತಲೆಯಲ್ಲಿ ಉಳಿಯಿತು.

ಮೊದಲ ಯುಗಾದಿಗೆ ಬೀಡಿ ಬಿಟ್ಟ, ಕೋಳಿ ಕೂಗುವ ಮುಂಚೆ ಏಳುವುದನ್ನು ಹಿಡಿದ. ಮುಂದಿನ ಯುಗಾದಿಗೆ ನಸ್ಯ ಹೋಯಿತು, ಹೊಳೆಯಲ್ಲಿ ತಣ್ಣೀರು ಸ್ನಾನ ಬಂತು. ಇಸ್ಪೀಟು ಹೋಗಿ ದಿನಕ್ಕೊಂದು ಪುಟ ಕಾಪಿ ಬರೆಯುವುದು ಬಂತು. ಎಲೆಅಡಿಕೆ ಹೋಗಿ ದಿನಕ್ಕೈದು ಇಂಗ್ಲಿಷ್ ಮಾತು ಬಂದವು. ಮಧ್ಯಾಹ್ನದ ನಿದ್ದೆ ಹೋಯಿತು, ಆಮೇಲೆ ಸಿಟ್ಟೂ ಹೋಯಿತು. ಅಲ್ಲಿಗೆ ಬಡವನ ಹತ್ತಿರ ಇದ್ದ ಕೆಟ್ಟ ಚಾಳಿಗಳೆಲ್ಲ ಖರ್ಚಾದವು.

ಎಡವಟ್ಟಾಗಿದ್ದು ಆಮೇಲೆ. ಯುಗಾದಿ ಮಾತ್ರ ವರ್ಷ ವರ್ಷ ಬರುತ್ತಲೇ ಇತ್ತು. ಬಿಡುವುದಕ್ಕೆ ಏನಾದರೂ ಬೇಕಲ್ಲ? ಎಷ್ಟು ಹುಡುಕಿದರೂ ತನ್ನಲ್ಲಿ ಇನ್ನೊಂದು ಕೆಟ್ಟ ಚಾಳಿ ಸಿಗದೆ ಹೋದಾಗ, ಯಾವುದು ಇಷ್ಟವೋ ಅದೇ ಚಾಳಿ ಇರಬೇಕು ಎಂದು ಮುದ್ದಯ್ಯ ತೀರ್ಮಾನ ಮಾಡಿದ. ಅವನ ಜಾಗದಲ್ಲಿ ಬೇರೆ ಯಾರೇ ಇದ್ದರೂ ಸಾಕು ಎಂದು ನಿಲ್ಲಿಸುತ್ತಿದ್ದರು. ಇವನು ಕಚೇರಿಯ ಮನುಷ್ಯ, ಮೇಲಿನವರು ನಿಲ್ಲಿಸು ಎನ್ನುವವರೆಗೆ ನಿಲ್ಲಿಸುವ ಅಧಿಕಾರ ತನಗಿಲ್ಲ ಎಂದುಕೊಂಡ. ಕಾಫಿ ಬಿಟ್ಟ. ತೊಣ್ಣೂರು ಕೆರೆಯಲ್ಲಿ ಈಜುವುದೆಂದರೆ ಪ್ರಾಣ, ಅದನ್ನೂ ಬಿಟ್ಟ. ಅದರ ಮರುವರ್ಷ ಬೆಲ್ಲ. ಬೆಲ್ಲದ ಮರುವರ್ಷ, ಕೆಲಸಕ್ಕೆ ಬಾರದ ಮಾತು. ಆಮೇಲೆ ಬಿಡಲು ಇಷ್ಟವಾದದ್ದು ಏನೂ ಉಳಿಯಲಿಲ್ಲ.

ಆ ಕೊನೆಯದರಿಂದ ಮನೆ ತಣ್ಣಗಾಯಿತು. ಅಲ್ಲಿಯವರೆಗೆ ಊಟವಾದ ಮೇಲೆ ಗಂಡಹೆಂಡಿರು ಜಗಲಿಯ ಮೇಲೆ ಕೂತು ಅದೂ ಇದೂ ಮಾತಾಡುತ್ತಿದ್ದರು. ಕಚೇರಿಗೆ ಬಂದ ರೈತನ ರುಮಾಲು, ಪಕ್ಕದ ಮನೆಯವರ ಎಮ್ಮೆ, ಹೀಗೆ. ಆಮೇಲೆ "ನೀರು ಕಾಯ್ತಾ", "ರಾಗಿ ಮುಗೀತು", ಅಷ್ಟೇ ಮಾತು. ಮಕ್ಕಳೂ ಆಗಲಿಲ್ಲ. ಪುಟ್ಟಲಕ್ಷ್ಮಮ್ಮ ಒಲೆಯ ಜತೆ ಮಾತಾಡಲು ಕಲಿತಳು.

*

ಬೀದಿಯ ತುದಿಯಿಂದ ಕರಿಕೋಟು, ಜರಿಯಂಚಿನ ಪೇಟದ ಒಬ್ಬರು ಬಂದರು. ಕಚೇರಿಯ ಗುಮಾಸ್ತ ರಂಗಸ್ವಾಮಿ. ಕೂತವರು ಎದ್ದು ದಾರಿ ಬಿಟ್ಟರು. ಅವರು ಹೂವಿನ ಹಾರ ಹಾಕಿ, ಒಂದು ಕ್ಷಣ ಕಣ್ಣುಮುಚ್ಚಿ ನಿಂತು, ಪುಟ್ಟಲಕ್ಷ್ಮಮ್ಮನ ಕಡೆ ತಿರುಗಿದರು.

"ಅಮ್ಮಾ, ನಿಮ್ಮ ಯಜಮಾನರಂಥ ಗಟ್ಟಿ ಮನಸ್ಸಿನವರನ್ನ ನಾನು ನೋಡಿಲ್ಲ. ಬಿಟ್ಟೆ ಅಂದದ್ದನ್ನ ಮತ್ತೆ ಮುಟ್ಟಿದವರಲ್ಲ. ಕಚೇರೀಲಿ ಇವತ್ತಿಗೂ ಹೊಸಬರಿಗೆ ಮುದ್ದಯ್ಯನ ಉದಾಹರಣೆಯೇ ಕೊಡೋದು."

ತೊಣ್ಣೂರಿನವರು ಹೆಮ್ಮೆಯಿಂದ ತಲೆ ಆಡಿಸಿದರು. ಕರಿಯಯ್ಯ ಹೆಗಲ ಮೇಲಿನ ವಲ್ಲಿ ತೆಗೆದು ಕಣ್ಣೊರಸಿಕೊಂಡ.

ಗಂಟಿನ ತೊಂದರೆಯನ್ನು ಬೀರಮ್ಮ ವಿವರಿಸಿದಳು. ರಂಗಸ್ವಾಮಿ ಸ್ವಲ್ಪ ಯೋಚಿಸಿ ಕೋಟಿನ ಜೇಬಿನಿಂದ ಒಂದು ಲೇಖನಿ ತೆಗೆದು ಚಟ್ಟದ ಮೇಲಿಟ್ಟರು. "ಇದನ್ನ ಕಟ್ಟಿ. ಅವರ ಅಕ್ಷರ ನೋಡಬೇಕಿತ್ತು, ಮುತ್ತು ಪೋಣಿಸಿದ ಹಾಗೆ. ನಮ್ಮ ಎಷ್ಟೋ ಕಾಗದಗಳ ಶುದ್ಧಪ್ರತಿ ಬರೆದುಕೊಟ್ಟಿದ್ದಾರೆ."

ಅದು ನಿಜವೇ. ಬರೆದದ್ದು ಮುದ್ದಯ್ಯ, ಕೆಳಗೆ ರುಜು ಬೇರೆಯವರದು. ಗುಮಾಸ್ತನ ಕೆಲಸಕ್ಕೆ ಅವನ ಹೆಸರು ಮೂರು ಸಲ ಮೇಲೆ ಹೋಗಿ, ಪರೀಕ್ಷೆ ಪಾಸಾಗಿಲ್ಲವೆಂದು ಮೂರು ಸಲವೂ ಹಿಂದಕ್ಕೆ ಬಂದಿತ್ತು. ಮೂರನೆಯ ಸಲ ಬಂದ ದಿನ ಅವನು ಮನೆಗೆ ಬಂದು ಕೈಕಾಲು ತೊಳೆದು, ಎಂದಿನ ಹಾಗೆ ಒಂದು ಪುಟ ಕಾಪಿ ಬರೆದ. ಅವತ್ತು ಅವನ ಮುಖ ನೋಡಿದ್ದವಳು ಪುಟ್ಟಲಕ್ಷ್ಮಮ್ಮ. ಲೇಖನಿ ಅವನಿಗೆ ಇಷ್ಟ ಎಂದು ಅವಳ ಬಾಯಲ್ಲಿ ಬರುವ ಹಾಗಿರಲಿಲ್ಲ. ಆದರೆ ಬೇರೆ ಏನು ಕಟ್ಟುವುದು? ಲೇಖನಿ ಕೈಗೆತ್ತಿಕೊಂಡು ಹೊದಿಕೆಯ ಸೆರಗಿನ ಮೂಲೆ ಹಿಡಿದಳು.

"ಒಂದು ತೊಟ್ಟು ಕಣ್ಣೀರೂ ಬರ್ಲಿಲ್ವಲ್ಲೇ ನಿಂಗೆ," ಎಂದು ಬೀರಮ್ಮ ಮೆಲ್ಲಗೆ ಅಂದಳು. "ಜನ ಏನಂದಾರು? ವಸಿ ಅಳೇ."

ಅಳು ಬರುತ್ತಿರಲಿಲ್ಲ. ಗೊತ್ತಿಲ್ಲದವರಿಗಾಗಿ ಹೇಗೆ ಅಳುವುದು ಎಂದು ಅವಳಿಗೆ ಅನಿಸಿತು. ಅನಿಸಿದ್ದಕ್ಕೆ ತಾನೇ ಬೆಚ್ಚಿದಳು.

*

ಕೃಷ್ಣರಾಜಪೇಟೆ ಕಡೆಯ ಆಲೆಮನೆಯ ಮಗಳು ಅವಳು. ಕೊಪ್ಪರಿಗೆಯಲ್ಲಿ ಕುದಿಯುವ ಪಾಕಕ್ಕೆ ಕಬ್ಬಿನ ಜಲ್ಲೆ ಅದ್ದಿ, ಊದಿ ಊದಿ ನೆಕ್ಕಿ ಬೆಳೆದವಳು. ಮದುವೆಯಾಗಿ ಬಂದಾಗ ತವರಿನಿಂದ ಬಂದದ್ದು ಒಂದು ಹೊರೆ ಬೆಲ್ಲ. ಮೊದಮೊದಲು ಗಂಡಹೆಂಡಿರ ನಡುವೆ ಸಲಿಗೆ ಬೆಳೆದದ್ದೇ ಆ ಬೆಲ್ಲದಿಂದ. ಮುದ್ದಯ್ಯ ಕಚೇರಿಯಿಂದ ಬಂದವನೇ ಡಬ್ಬಿಗೆ ಕೈ ಹಾಕುವುದು, ಇವಳು ಕೈಗೆ ಒಂದೇಟು ಕೊಡುವುದು, ಆಮೇಲೆ ಇಬ್ಬರೂ ಒಂದೇ ಉಂಡೆಯನ್ನು ಒಡೆದು ತಿನ್ನುವುದು.

ಆ ಯುಗಾದಿಯ ಬೆಳಿಗ್ಗೆ ಬೇವುಬೆಲ್ಲದ ತಟ್ಟೆ ಮುಂದಿಟ್ಟಾಗ ಅವನು ಬೇವನ್ನು ಮಾತ್ರ ಬಿಡಿಸಿಕೊಂಡ. "ಈ ವರ್ಷ ಬೆಲ್ಲ ಬುಟ್ಟೆ," ಎಂದ.

ಪುಟ್ಟಲಕ್ಷ್ಮಮ್ಮ ತಟ್ಟೆ ನೋಡಿದಳು. ಕಾಫಿ ಬಿಟ್ಟಾಗ, ಕೆರೆ ಬಿಟ್ಟಾಗ ಅವಳೇನೂ ಅಂದಿರಲಿಲ್ಲ. ಬೆಲ್ಲದ ಮಾತು ಹಾಗಲ್ಲ. ಅವನೊಬ್ಬನೇ ಬಿಟ್ಟು ತಾನೊಬ್ಬಳೇ ತಿನ್ನುವುದೆಂದರೆ ಮನೆ ಎರಡು ಪಾಲಾದ ಹಾಗೆ. ಅವಳೂ ಬೇವನ್ನೇ ಬಿಡಿಸಿ ಬಾಯಿಗೆ ಹಾಕಿಕೊಂಡಳು. "ನಾನೂ ಬುಟ್ಟೆ," ಎಂದಳು.

ಅವನು ಅವಳನ್ನೇ ನೋಡಿದ. ಏನೋ ಹೇಳಬೇಕೆಂದವನ ಹಾಗೆ ತುಟಿ ಅಲುಗಿತು. ಬೇವನ್ನು ಅಗಿದು ನುಂಗಿದ. ಉಳಿದ ಬೆಲ್ಲವನ್ನು ಬೀದಿಯ ಮಕ್ಕಳಿಗೆ ಹಂಚಿದಳು. ಅವತ್ತಿನಿಂದ ಹದಿನೇಳು ಯುಗಾದಿ ಆ ಮನೆಯಲ್ಲಿ ಬರಿ ಬೇವು. ತವರಿಗೆ ಹೋದರೂ ಅವಳು ಆಲೆಮನೆಯ ಕಡೆ ತಲೆ ಹಾಕುತ್ತಿರಲಿಲ್ಲ.

ಮೊನ್ನೆ ಅವನಿಗೆ ಜ್ವರ ಬಂದಾಗ ಪಂಡಿತರು ಶುಂಠಿ ಬೆಲ್ಲದ ಕಷಾಯ ಹೇಳಿದ್ದರು. ನಿನ್ನೆ ಸಂಜೆ ಲೋಟ ಹಿಡಿದು ಹೋಗಿ ಕೇಳಿದ್ದಳು. "ಏನಂದ್ರೆ, ಒಂಚೂರು ಬೆಲ್ಲ ತರುಸ್ಲಾ? ಕಾಯ್ಲೇಲಿ ತಪ್ಪಿಲ್ಲ ಅಂತಾರೆ."

ಮುದ್ದಯ್ಯ ಕಣ್ಣು ತೆರೆದ. ಅವಳ ಮುಖವನ್ನು ಬಹಳ ಹೊತ್ತು ನೋಡಿದ. "ಬ್ಯಾಡ. ಇಷ್ಟು ವರ್ಸ ನೀನೂ ತಿಂದಿಲ್ಲ," ಎಂದ. ಕಹಿ ಕಷಾಯವನ್ನು ಒಂದೇ ಗುಟುಕಿಗೆ ಕುಡಿದು ಗೋಡೆಯ ಕಡೆ ಹೊರಳಿದ. ಇಂಥ ಗಂಡಸಿನ ಕೈಹಿಡಿದೆನಲ್ಲ ಎಂದು ಅವಳಿಗೆ ಎದೆಯುಬ್ಬಿತ್ತು. ಬೆಳಗಿನ ಹೊತ್ತಿಗೆ ಅವನ ಮೈ ತಣ್ಣಗಾಗಿತ್ತು.

*

ಲೇಖನಿಗೆ ಗಂಟು ಬಿಗಿಯುವ ಹೊತ್ತಿನಲ್ಲಿ ಬೀದಿಯಲ್ಲಿ ಯಾರೋ ಏದುಸಿರು ಬಿಡುತ್ತ ಬಂದರು. ಅರವತ್ತು ದಾಟಿದ ಹೆಂಗಸು, ತಲೆಯ ಮೇಲೆ ಬುಟ್ಟಿ ಹೊರುವ ಸಿಂಬೆ ಹಾಗೇ ಇತ್ತು, ಕೈಯಲ್ಲಿ ಮುತ್ತುಗದ ಎಲೆಯ ಪೊಟ್ಟಣ.

"ಜವಾನ್ ಬುದ್ಯೋರ ಮನೆ ಇದೇಯಾ?" ಎಂದವಳು ಚಟ್ಟ ಕಂಡು ಅಲ್ಲೇ ಕುಕ್ಕರಿಸಿದಳು. "ಅಯ್ಯೋ ನಮ್ಮಪ್ಪಾ. ಕಾಯ್ಲೆ ಇರ್ಬೇಕು ಅಂದ್ಕಂಡಿದ್ದೆ."

"ಯಾರವ್ವಾ ನೀನು?" ಎಂದ ಕರಿಯಯ್ಯ.

"ಬೆಲ್ಲದ ದ್ಯಾವಮ್ಮ ಕಣಪ್ಪ, ಕಿರಂಗೂರೋಳು. ಸೇತ್ವೆ ಕೆಳ್ಗೆ ಮೆಟ್ಲ ತಾವ ಗೂಡೆ ಇಟ್ಕಂಡು ಮಾರ್ತೀನಿ. ಮೂರು ದಿನ ಆಯ್ತು ಬುದ್ಯೋರು ಬಂದು. ಅವರ್ದು ಎತ್ತಿಟ್ಟಿದ್ದೆ." ಅವಳು ಎಲೆ ಬಿಚ್ಚಿದಳು. ಒಳಗೆ ನೆಲ್ಲಿಕಾಯಿ ಗಾತ್ರದ ಮೂರು ತುಂಡು ಬೆಲ್ಲ ಇದ್ದವು.

ರಂಗಸ್ವಾಮಿ ಗಂಟಲು ಸರಿಮಾಡಿಕೊಂಡರು. "ನೀನು ಬೇರೆ ಯಾರನ್ನೋ ಅಂದ್ಕೊಂಡಿದ್ದೀಯಮ್ಮ. ಮುದ್ದಯ್ಯ ಬೆಲ್ಲ ಮುಟ್ತಿರಲಿಲ್ಲ."

"ಮುಟ್ತಿರ್ನಿಲ್ವಾ?" ದ್ಯಾವಮ್ಮ ಎದ್ದು ಹೋಗಿ ಹೆಣದ ಮುಖವನ್ನು ಬಗ್ಗಿ ನೋಡಿ ಬಂದಳು. "ಇವ್ರೇ ಕಣಪ್ಪ. ಅದ್ನಾರು ಅದ್ನೇಳು ವರ್ಸದಿಂದ ದಿನಾ ಕೋಳಿ ಕೂಗೋ ಮೊಬ್ಗೆ ಬರೋರು. ಮೈ ತೊಳ್ಕಂಡು, ನನ್ ತಲೆ ಮ್ಯಾಲಿನ ಗೂಡೆ ಇಳ್ಸಿ ಕೊಡೋರು. ಆಮ್ಯಾಕೆ ಮೆಟ್ಲ ಮ್ಯಾಲೆ ಕುಂತು, ನೀರಲ್ಲಿ ಕಾಲ್ ಬುಟ್ಕಂಡು, ಒಂದೇ ಒಂದು ತುಂಡು ತಿನ್ನೋರು. ಅಗಿಯಾಕಿಲ್ಲ, ಕೆನ್ನೇಲಿ ಇಟ್ಕಂಡು ಕರುಗ್ಸೋರು. ಕೈಗ್ ಅಂಟಿದ್ನ ಟವಲ್ ಮೂಲೇಲಿ ಒರ್ಸ್ಕಂಡು ಎದ್ದೋಗೋರು."

"ಬಾಯ್ಮುಚ್ಚೇ!" ಬೀರಮ್ಮ ಚೀರಿದಳು. "ಸತ್ತೋರ ಮ್ಯಾಲೆ ಸುಳ್ಳು ಒರುಸಾಕೆ ಬಂದಿದ್ದೀಯಾ?"

ಪುಟ್ಟಲಕ್ಷ್ಮಮ್ಮ ಟವಲನ್ನು ನೋಡಿದಳು. ಕೊಡವಿದ ಇರುವೆಗಳು ಮತ್ತೆ ಸಾಲು ಕಟ್ಟಿಕೊಂಡು ಅದೇ ಮೂಲೆಗೆ ಬಂದಿದ್ದವು.

ಮೊದಲು ಬಂದದ್ದು ಸಿಟ್ಟು. ಹದಿನೇಳು ಯುಗಾದಿ! ಅಷ್ಟೂ ಯುಗಾದಿ ಎದುರುಬದುರು ಕೂತು ಬೇವು ಅಗಿದದ್ದೇನು, ಅದಕ್ಕೆ ಮುಂಚೆ ಹೊಳೆಯಲ್ಲಿ ಬಾಯಿ ಸಿಹಿ ಮಾಡಿಕೊಂಡು ಬಂದದ್ದೇನು. ಹೆಣವನ್ನು ಹಿಡಿದು ಕುಲುಕಿ ಕೇಳಬೇಕೆನಿಸಿತು. ಆ ಕೈಗೆ ಹಿಂದಿನ ಹಾಗೆ ಒಂದೇಟು ಹಾಕಬೇಕೆನಿಸಿತು.

"ನೀನೇ ಏನವ್ವಾ ಎಂಡ್ರು?" ದ್ಯಾವಮ್ಮ ಅವಳ ಹತ್ತಿರ ಸರಿದು ದನಿ ತಗ್ಗಿಸಿದಳು. "ಒಂದಿನ ಕೇಳೇಬುಟ್ಟೆ, ಮನೇಲಿ ಬೆಲ್ಲ ಇಲ್ವಾ ಬುದ್ದಿ ಅಂತ. ಅದ್ಕೆ, 'ಬುಡ್ತೀನಿ ಅಂದೆ ಕಣವ್ವ, ಆರು ತಿಂಗ್ಳೂ ತಡೀಲಿಲ್ಲ. ಅಷ್ಟೊತ್ಗೆ ನಮ್ಮವ್ಳೂ ಬುಟ್ಬುಟ್ಟಿದ್ಲು. ಅವ್ಳು ಗಟ್ಟಿಗಿತ್ತಿ, ಅವ್ಳ ಮುಂದೆ ಯಾವ್ ಮಕ ಇಟ್ಕಂಡು ಕೇಳ್ಲಿ' ಅಂದ್ರು. ಅಂದ್ಬುಟ್ಟು ನಕ್ರು. ನಗೋರು ಕಣವ್ವ ಅವ್ರು, ಚೆಂದಾಗಿ ನಗೋರು."

ಪುಟ್ಟಲಕ್ಷ್ಮಮ್ಮ ಚಟ್ಟದ ಬಿದಿರು ಹಿಡಿದು ಕೂತಳು. ಅವಳು ಗಟ್ಟಿಗಿತ್ತಿಯೇ? ಅವಳ ಜೀವ ಬೆಲ್ಲಕ್ಕಾಗಿ ಎಷ್ಟು ಬಡಿದುಕೊಂಡಿತ್ತೆಂದು ಅವಳಿಗಲ್ಲದೆ ಇನ್ನಾರಿಗೆ ಗೊತ್ತು? ಅವನು ಬಿಟ್ಟನಲ್ಲ ಎಂದು ಅವಳು ಬಿಗಿಹಿಡಿದಿದ್ದಳು. ಅವಳು ಬಿಗಿಹಿಡಿದಳಲ್ಲ ಎಂದು ಅವನು ಕದ್ದು ತಿಂದಿದ್ದ. ಒಂದು ಸುಳ್ಳುಪಳ್ಳು ಮಾತು, ಒಂದು ಹಾಳುಹರಟೆ ಆ ಮನೆಯಲ್ಲಿ ಉಳಿದಿದ್ದರೆ ಯಾವತ್ತೋ ಒಂದು ಸಂಜೆ ಇದು ಬಾಯಿಗೆ ಬಂದುಬಿಡುತ್ತಿತ್ತು. ಮಾತನ್ನೂ ಬಿಟ್ಟಾಗಿತ್ತಲ್ಲ. ನಿನ್ನೆ ಸಂಜೆ ಅಷ್ಟು ಹೊತ್ತು ಅವಳ ಮುಖ ನೋಡಿದ್ದು ಇದಕ್ಕೇ ಇರಬೇಕು. ಕೇಳಲಾಗದೆ ಗೋಡೆಯ ಕಡೆ ಹೊರಳಿದ್ದ.

ರಂಗಸ್ವಾಮಿ ಬಗ್ಗಿ, ಬೇರೆಯವರಿಗೆ ಕೇಳದ ಹಾಗೆ ಹೇಳಿದರು: "ಅಮ್ಮಾ, ಇದು ಸುಳ್ಳು ಅಂತ ನೀವೊಂದು ಮಾತು ಅನ್ನಿ. ಸಾಕು. ಅವರು ಇಷ್ಟು ವರ್ಷ ಸಂಪಾದಿಸಿದ್ದು ಅದೊಂದೇ ಹೆಸರು."

ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದರು. ಕರಿಯಯ್ಯನ ಕಣ್ಣಲ್ಲಿ ಬೇಡಿಕೆಯೇ ಇತ್ತು.

"ಸುಳ್ಳಲ್ಲ," ಎಂದಳು ಪುಟ್ಟಲಕ್ಷ್ಮಮ್ಮ. "ತಿಂತಿದ್ರು. ನಂಗೊತ್ತಿತ್ತು."

"ನಿಂಗೊತ್ತಿತ್ತಾ?" ಬೀರಮ್ಮ ಬಾಯಿ ತೆರೆದಳು.

"ಊಂ. ಮೊದ್ಲಿಂದ್ಲೂ ಗೊತ್ತಿತ್ತು ಬುಡಿ ಅಕ್ಕಾ. ನಾವಿಬ್ರೂ ಆಡ್ಕಂಡು ನಗ್ತಿದ್ವಿ."

ಹೇಳಿದವಳೇ ಲೇಖನಿಯ ಗಂಟು ಬಿಚ್ಚಿ ಅದನ್ನು ಮರ್ಯಾದೆಯಿಂದ ರಂಗಸ್ವಾಮಿಗೆ ಒಪ್ಪಿಸಿದಳು. ಅವರು ಅದನ್ನು ಜೇಬಿಗಿಟ್ಟುಕೊಂಡು ಎರಡು ಹೆಜ್ಜೆ ಹಿಂದೆ ಸರಿದರು. ಪುಟ್ಟಲಕ್ಷ್ಮಮ್ಮ ದ್ಯಾವಮ್ಮನ ಕೈಯಿಂದ ಎಲೆ ಇಸಿದುಕೊಂಡು, ಎರಡು ತುಂಡು ಬೆಲ್ಲವನ್ನು ಸೆರಗಿನ ಮೂಲೆಯಲ್ಲಿಟ್ಟು ಗಟ್ಟಿಯಾಗಿ ಗಂಟು ಹಾಕಿದಳು. ಮೂರನೆಯದು ಅಂಗೈಯಲ್ಲಿ ಉಳಿಯಿತು.

"ಅದೂ ಕಟ್ಟು," ಎಂದಳು ಬೀರಮ್ಮ.

ಪುಟ್ಟಲಕ್ಷ್ಮಮ್ಮ ಅದನ್ನು ಬಾಯಿಗೆ ಹಾಕಿಕೊಂಡಳು.

ಹೆಣ ಎದುರಿಗಿದೆ, ಮನೆಯಲ್ಲಿ ಒಲೆ ಹಚ್ಚಿಲ್ಲ, ಊರಿನಿಂದ ಬಂದವರು ಒಂದು ಗುಟುಕು ನೀರೂ ಕುಡಿದಿಲ್ಲ. ಕೂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಬುದ್ದಿ ಕೆಟ್ಟೋಯ್ತು ಇವಳ್ಗೆ," ಎಂದು ಯಾರೋ ಪಿಸುಗುಟ್ಟಿದರು. ಕರಿಯಯ್ಯ ಮಾತ್ರ ಬೀದಿಯಲ್ಲಿ ಕಾಯುತ್ತಿದ್ದ ತಮಟೆಯವರಿಗೆ ಕೈಸನ್ನೆ ಮಾಡಿದ.

ನಾಲ್ಕು ಜನ ಬಗ್ಗಿ ಚಟ್ಟಕ್ಕೆ ಹೆಗಲು ಕೊಟ್ಟರು. ಸೆರಗಿನ ಗಂಟು ಒಂದು ಪಕ್ಕಕ್ಕೆ ಜೋತುಬಿದ್ದು ಅಲ್ಲಾಡುತ್ತಿತ್ತು. ಆಗಲೇ ಎರಡು ಇರುವೆ ಅದನ್ನು ಹತ್ತಿದ್ದವು. ಅವರ ಕಡೆ ಹೆಂಗಸರು ಸ್ಮಶಾನಕ್ಕೆ ಹೋಗುವ ಹಾಗಿಲ್ಲ, ಹೊಸ್ತಿಲೇ ಕೊನೆ.

"ಎತ್ಬುಟ್ರು ಕಣೇ!" ಬೀರಮ್ಮ ಅವಳ ತೋಳು ಹಿಡಿದು ಅಲುಗಿಸಿದಳು. "ಈಗ್ಲಾದ್ರೂ ಬಾಯ್ಬುಟ್ಟು ಅಳೇ ಲಕ್ಸ್ಮೀ!"

ಕಣ್ಣೀರು ಆಗಲೇ ಗಲ್ಲದವರೆಗೆ ಇಳಿದಿತ್ತು. ಪುಟ್ಟಲಕ್ಷ್ಮಮ್ಮ ಬಾಯಿ ಬಿಡಲಿಲ್ಲ. ಚಟ್ಟ ಬೀದಿಯ ತಿರುವು ದಾಟುವವರೆಗೂ ತುಟಿ ಬಿಗಿದುಕೊಂಡೇ ಹೊಸ್ತಿಲ ಮೇಲೆ ನಿಂತಿದ್ದಳು. ಅವಳ ಬಲಗೆನ್ನೆ ಉಬ್ಬಿತ್ತು. ಬೆಲ್ಲ ಇನ್ನೂ ಕರಗಿರಲಿಲ್ಲ.